ಟಿಡ್‌ಬಿನ್‌ಬಿಲ್ಲಾದ ದೊಡ್ಡ ಡಿಶ್ ನೋಡಿ ಬಂದ ಕಥೆ

ಶುಕ್ರವಾರ

ಕ್ಯಾನ್‌ಬೆರಾಗೆ ಹೊರಟಿದೀವಿ ಅಂದ್ರೆ ಸಿಡ್ನಿಲಿರೋ ನಮ್ಮವರೆಲ್ಲ "ಅಯ್ಯೋ ಅಲ್ಲೇನಿದೆ, ಪಾರ್ಲಿಮೆಂಟ್ ಬಿಟ್ರೆ" ಅಂತಾರೆ. ಹೂವಿನ ಜಾತ್ರೆ ಫ್ಲೋರಿಯೇಡ್ ಟೈಮಲ್ಲಾದ್ರೆ ಸರಿ, ಏಪ್ರಿಲ್ ಸ್ಕೂಲ್ ರಜೇಲಿ, ಚಳಿ ಶುರುವಾಗೋ ಹೊತ್ತಲ್ಲಿ, ಅದೂ ಊರಾಚೆ ಟಿಡ್‌ಬಿನ್‌ಬಿಲ್ಲಾದಲ್ಲಿರೋ ನಾಸಾದ ಆಂಟೆನಾ ನೋಡೋಕೆ ಹೋಗ್ತಿದೀವಿ ಅಂದಾಗ ಒಬ್ರು "ನಿಮ್ಮನೆ ಮೇಲೇ ಒಂದಿದೆಯಲ್ರೀ" ಅಂತ ನಕ್ಕರು. ನಗಲಿ ಬಿಡಿ. ಊರಿಂದ ಮಾವ ಬಂದಿದ್ರು, ಅವರು ಟೆಲಿಕಾಂ ಡಿಪಾರ್ಟ್‌ಮೆಂಟಲ್ಲಿ ಮೈಕ್ರೋವೇವ್ ಸ್ಟೇಷನ್‌ಗಳಲ್ಲೇ ಸರ್ವೀಸ್ ಪೂರ್ತಿ ಕಳೆದು ರಿಟೈರ್ ಆದವರು, ಓಪೆರಾ ಹೌಸ್ ತೋರಿಸಿದಾಗ "ಚೆನ್ನಾಗಿದೆ" ಅಂದಿದ್ದಷ್ಟೇ, ಅದೇ ದಾರೀಲಿ ಯಾವುದಾದ್ರೂ ಟವರ್ ಕಂಡ್ರೆ ಕತ್ತೆತ್ತಿ ನಿಂತ್ಬಿಡ್ತಾರೆ. ಅವರಿಗೆ ಇದಕ್ಕಿಂತ ಒಳ್ಳೆ ಟ್ರಿಪ್ ಇನ್ನೊಂದಿಲ್ಲ ಅಂತ ನಾನೂ ಮಗನೂ ಸೇರಿ ಪ್ಲಾನ್ ಮಾಡಿದ್ವಿ, ನನ್ನವಳು ಮಾತ್ರ "ನಾನು ಕಾಂಗರೂ ನೋಡೋಕೆ ಬರ್ತಿರೋದು" ಅಂತ ಮೊದಲೇ ಕ್ಲಿಯರ್ ಮಾಡಿದ್ಲು.

ಹ್ಯೂಮ್ ಹೈವೇಲಿ ವಿಶೇಷ ಏನಿಲ್ಲ. ಗೋಲ್ಬರ್ನ್‌ನಲ್ಲಿ ದೊಡ್ಡ ಸಿಮೆಂಟ್ ಕುರಿ ಇದೆ, ಅದರ ನೆರಳಲ್ಲಿ ಪುಳಿಯೋಗರೆ ಡಬ್ಬಿ ಬಿಚ್ಚಿದ್ವಿ. ಆಮೇಲೆ ಲೇಕ್ ಜಾರ್ಜ್, ಈ ಕೆರೆ ಕೆಲವು ವರ್ಷ ತುಂಬಿರುತ್ತೆ, ಕೆಲವು ವರ್ಷ ಪೂರ್ತಿ ಒಣಗಿ ಕುರಿ ಮೇಯ್ತಿರ್ತವೆ. ಸಂಜೆ ಹೊತ್ತಿಗೆ ಕ್ಯಾನ್‌ಬೆರಾ, ಅಡುಗೆಮನೆ ಇರೋ ರೂಮು, ಅನ್ನ ಸಾರು, ಮಲಗಿದ್ದು.

ಮಲಗೋ ಮುಂಚೆ ಮಗ ತಾತಂಗೆ ನಾಸಾದ ವೆಬ್‌ಸೈಟ್ ತೋರಿಸ್ತಿದ್ದ. ಯಾವ ಊರಿನ ಯಾವ ಡಿಶ್ ಈ ಕ್ಷಣ ಯಾವ ಬಾಹ್ಯಾಕಾಶ ನೌಕೆ ಜೊತೆ ಮಾತಾಡ್ತಿದೆ ಅಂತ ಲೈವ್ ಆಗಿ ತೋರಿಸುತ್ತೆ ಅದು. ಹೋಗೋರು ಇದನ್ನ ಮೊದಲೇ ಒಂದ್ಸಲ ನೋಡ್ಕೊಂಡು ಹೋಗ್ಲೇಬೇಕು ಅನ್ನೋದು ನನ್ನ ಅಭಿಪ್ರಾಯ. ಯಾಕಂದ್ರೆ ಅಲ್ಲಿ ಹೋಗಿ ನಿಂತ್ರೆ ಕಣ್ಣಿಗೆ ಕಾಣೋದು ಬಿಳೀ ಕಬ್ಬಿಣದ ರಾಶಿ, ಅದು ಯಾರ ಜೊತೆ ಮಾತಾಡ್ತಿದೆ ಅಂತ ಗೊತ್ತಿಲ್ಲದಿದ್ರೆ ಹತ್ತು ನಿಮಿಷಕ್ಕೆ ಬೋರಾಗುತ್ತೆ. ಗೊತ್ತಿದ್ರೆ ಜಾಗ ಬಿಟ್ಟು ಬರೋಕೆ ಮನಸ್ಸಾಗಲ್ಲ.

ಶನಿವಾರ

ಉಪ್ಪಿಟ್ಟು ತಿಂದು ಹೊರಟ್ವಿ. ಊರಿಂದ ಮುಕ್ಕಾಲು ಗಂಟೆ ದಾರಿ ಇರಬಹುದು, ಕಾಟರ್ ರೋಡ್ ಹಿಡಿದು ಪ್ಯಾಡೀಸ್ ರಿವರ್ ರೋಡಿಗೆ ಬರೋಷ್ಟರಲ್ಲಿ ಮನೆಗಳೆಲ್ಲ ಮಾಯ, ಎರಡೂ ಕಡೆ ಬೆಟ್ಟ, ದನ, ನೀಲಗಿರಿ ಮರ. ಫೋನಲ್ಲಿ ಸಿಗ್ನಲ್ ಒಂದೊಂದೇ ಕಡ್ಡಿ ಕಮ್ಮಿ ಆಗ್ತಾ ಹೋಯ್ತು. ನನ್ನವಳು "ಇದೇನು ಪ್ರಪಂಚದ ದೊಡ್ಡ ಆಂಟೆನಾ ಇರೋ ಜಾಗದಲ್ಲಿ ಫೋನಿಗೆ ಸಿಗ್ನಲ್ ಇಲ್ವಲ್ರೀ" ಅಂದ್ಲು, ಹಿಂದಿನ ಸೀಟಿಂದ ಮಾವ, "ಅದಕ್ಕೇ ಕಣಮ್ಮ ಇಲ್ಲಿ ಕಟ್ಟಿರೋದು. ಸುತ್ತ ಬೆಟ್ಟ ಇದ್ರೆ ಊರಿನ ಗಲಾಟೆ ಒಳಗೆ ಬರಲ್ಲ" ಅಂದ್ರು. ನಿಜವಾಗ್ಲೂ ಕಾರಣ ಅದೇ. ಕ್ಯಾನ್‌ಬೆರಾ ಊರಿನ ರೇಡಿಯೋ, ಟಿವಿ, ಮೊಬೈಲ್ ಸಿಗ್ನಲ್ಲುಗಳಿಗೆ ಈ ಬೆಟ್ಟಗಳೇ ಅಡ್ಡಗೋಡೆ. ಗೇಟ್ ಹತ್ರ ಫೋನ್ ಆಫ್ ಮಾಡಿ ಅಂತ ಬೋರ್ಡ್ ಬೇರೆ ಇದೆ.

ಒಂದು ತಿರುವಲ್ಲಿ ಇದ್ದಕ್ಕಿದ್ದ ಹಾಗೆ ಕಾಣುತ್ತೆ. ಡಿಎಸ್‌ಎಸ್-43, ಅಂದ್ರೆ ಡೀಪ್ ಸ್ಪೇಸ್ ಸ್ಟೇಷನ್ ನಂಬರ್ 43. ಅಡ್ಡಗಲ 70 ಮೀಟರ್, ದಕ್ಷಿಣಾರ್ಧ ಗೋಳದಲ್ಲಿ ಹೀಗೆ ಬೇಕಾದ ಕಡೆ ತಿರುಗಿಸಬಹುದಾದ ಡಿಶ್‌ಗಳಲ್ಲಿ ಇದಕ್ಕಿಂತ ದೊಡ್ಡದಿಲ್ಲ. ಫೋಟೋದಲ್ಲಿ ನೋಡಿದಾಗ ಸೈಜ್ ಗೊತ್ತಾಗಲ್ಲ, ಅದರ ಕೆಳಗೆ ನಿಲ್ಲಿಸಿದ್ದ ಒಂದು ಯೂಟ್ ಗಾಡಿ ಕಂಡಾಗ ಮಗ "ಅಪ್ಪಾ..." ಅಂತ ಸುಮ್ಮನಾದ.

ಹಿನ್ನೆಲೆ ಸ್ವಲ್ಪ ಹೇಳ್ತೀನಿ. ನಾಸಾಗೆ ದೂರದ ನೌಕೆಗಳ ಜೊತೆ ಮಾತಾಡೋಕೆ ಮೂರು ಜಾಗ ಇದೆ, ಕ್ಯಾಲಿಫೋರ್ನಿಯಾದ ಗೋಲ್ಡ್‌ಸ್ಟೋನ್, ಸ್ಪೇನ್‌ನಲ್ಲಿ ಮ್ಯಾಡ್ರಿಡ್ ಹತ್ರ, ಮತ್ತೆ ಇದು. ಹೆಚ್ಚು ಕಮ್ಮಿ 120 ಡಿಗ್ರಿ ಅಂತರದಲ್ಲಿ ಇರೋದ್ರಿಂದ ಭೂಮಿ ಹೇಗೆ ತಿರುಗಿದ್ರೂ ಒಬ್ರಲ್ಲ ಒಬ್ರಿಗೆ ನೌಕೆ ಕಾಣ್ತಿರುತ್ತೆ. ಇಲ್ಲಿಂದು ದುಡ್ಡು ನಾಸಾದ್ದು, ನಡೆಸೋರು ಆಸ್ಟ್ರೇಲಿಯಾ ಸರ್ಕಾರದ ವಿಜ್ಞಾನ ಸಂಸ್ಥೆ ಸಿಎಸ್‌ಐಆರ್‌ಒ. 1965ರ ಮಾರ್ಚಲ್ಲಿ ಆಗಿನ ಪ್ರಧಾನಿ ರಾಬರ್ಟ್ ಮೆಂಝೀಸ್ ಓಪನ್ ಮಾಡಿದ್ದು, ಅಂದ್ರೆ ನಾವು ಹೋದಾಗ 60 ವರ್ಷ ತುಂಬಿ ಒಂದು ತಿಂಗಳಾಗಿತ್ತು. ಡಿಎಸ್‌ಎಸ್-43 ಆಮೇಲೆ 1973ರಲ್ಲಿ ಬಂತು, ಆಗ 64 ಮೀಟರ್ ಇತ್ತು, 1987ರಲ್ಲಿ 70 ಮೀಟರ್‌ಗೆ ಅಗಲ ಮಾಡಿದ್ರು. ಕಾರಣ ನಾಸಾದ ವಾಯೇಜರ್ 2 ನೌಕೆ. ಅದು 1989ರ ಆಗಸ್ಟಲ್ಲಿ ನೆಪ್ಚೂನ್ ಹತ್ರ ಹೋಗೋದಿತ್ತು, ಅಷ್ಟು ದೂರದ ಸಿಗ್ನಲ್ ಹಿಡಿಯೋಕೆ ಇರೋ ಡಿಶ್ ಸಾಲ್ತಿರಲಿಲ್ಲ.

ಒಳಗೆ ಹೋಗೋಕೆ ಟಿಕೆಟ್ ಇಲ್ಲ. ವಿಸಿಟರ್ ಸೆಂಟರ್, ಕೆಫೆ, ಹೊರಗಡೆ ಬೆಂಚು, ಎದುರಿಗೆ ಬೇಲಿ ಆಚೆ ಡಿಶ್‌ಗಳು. ಕಾಫಿ ತಗೊಂಡು ಕೂತ್ವಿ. ಮಗ ಹತ್ತು ನಿಮಿಷ ನೋಡಿ "ಇದು ಅಲ್ಲಾಡ್ತಾನೇ ಇಲ್ವಲ್ಲ" ಅಂದ. ಅಲ್ಲಾಡ್ತಿತ್ತು. ನೌಕೆ ಆಕಾಶದಲ್ಲಿ ನಕ್ಷತ್ರಗಳ ಥರಾನೇ ನಿಧಾನಕ್ಕೆ ಸರಿಯೋದ್ರಿಂದ ಡಿಶ್ ಕೂಡ ಅಷ್ಟೇ ನಿಧಾನಕ್ಕೆ ಅದನ್ನ ಹಿಂಬಾಲಿಸುತ್ತೆ. ಡಿಶ್ ಅಂಚು ಹಿಂದಿನ ಬೆಟ್ಟದ ಯಾವ ಮರಕ್ಕೆ ತಾಗ್ತಿದೆ ಅಂತ ಗುರುತು ಇಟ್ಕೋ ಅಂತ ಹೇಳಿದೆ, ಅರ್ಧ ಗಂಟೆ ಬಿಟ್ಟು ನೋಡಿದ್ರೆ ಮರ ಬದಲಾಗಿತ್ತು. ಅಷ್ಟು ಹೊತ್ತಿಗೆ ಅವನಿಗೆ ಹುಚ್ಚು ಹಿಡಿದಾಗಿತ್ತು.

ತಿರುಗೋ ಭಾಗದ ತೂಕ 3,000 ಟನ್ ಮೇಲಂತೆ. ಅದು ಚಕ್ರದ ಮೇಲೆ ಓಡಲ್ಲ, ಬೇರಿಂಗ್ ಪ್ಯಾಡಿಗೂ ಟ್ರ್ಯಾಕಿಗೂ ನಡುವೆ ಪ್ರೆಷರಲ್ಲಿ ಎಣ್ಣೆ ಪಂಪ್ ಮಾಡ್ತಾರೆ, ಆ ಎಣ್ಣೆ ಪದರದ ಮೇಲೆ ತೇಲಿಕೊಂಡು ತಿರುಗುತ್ತೆ, ಪದರದ ದಪ್ಪ 0.17 ಮಿಲಿಮೀಟರ್. ಇದನ್ನ ಓದಿ ಮಾವ ಎರಡು ಸಲ "ಎಷ್ಟು?" ಅಂದ್ರು. ಮೇಲಿನ ಬಟ್ಟಲು 1,272 ಅಲ್ಯೂಮಿನಿಯಂ ಪ್ಯಾನಲ್ ಜೋಡಿಸಿ ಮಾಡಿರೋದು. ಮೇಲಿಂದ ಬಂದ ಅಲೆ ಬಟ್ಟಲಿಗೆ ಬಡಿದು, ಎದುರಿಗೆ ಕಾಲುಗಳ ಮೇಲೆ ನಿಲ್ಸಿರೋ ಇನ್ನೊಂದು ಚಿಕ್ಕ ರಿಫ್ಲೆಕ್ಟರ್‌ಗೆ ಹೋಗಿ, ಅಲ್ಲಿಂದ ವಾಪಸ್ ಬಟ್ಟಲ ಮಧ್ಯ ಇರೋ, ಒಳಗೆ ರಿಸೀವರ್ ಇಟ್ಟಿರೋ ಮೂರು ಕೋನ್‌ಗಳಲ್ಲಿ ಒಂದಕ್ಕೆ ಇಳಿಯುತ್ತೆ, ಯಾವ ಫ್ರೀಕ್ವೆನ್ಸಿ ಬ್ಯಾಂಡ್ ಬೇಕೋ ಆ ಕೋನ್ ಕಡೆಗೆ ಚಿಕ್ಕ ರಿಫ್ಲೆಕ್ಟರನ್ನ ತಿರುಗಿಸ್ತಾರೆ.

ಈಗ ಒಳಗೆ, ಯಾವ ಡಿಶ್ ಯಾವ ನೌಕೆ ಜೊತೆ ಮಾತಾಡ್ತಿದೆ ಅಂತ ತೋರಿಸೋ ಸ್ಕ್ರೀನ್ ವಿಷಯಕ್ಕೆ ಬರ್ತೀನಿ. ಆ ಹೊತ್ತಲ್ಲಿ 43ರ ಎದುರಿಗೆ ಇದ್ದ ಹೆಸರು ವಾಯೇಜರ್ 2. ಲಾಟರಿ ಹೊಡೆದ ಹಾಗಾಯ್ತು ನಮಗೆ.

ವಾಯೇಜರ್ 2 ಹೊರಟಿದ್ದು 1977ರ ಆಗಸ್ಟ್ 20. ನಾವು ಹೋದ ದಿನ ಅದು 2,000 ಕೋಟಿ ಕಿಲೋಮೀಟರಿಗೂ ದೂರ ಇತ್ತು, ಅಲ್ಲಿಂದ ಹೊರಟ ರೇಡಿಯೋ ಅಲೆ ಇಲ್ಲಿಗೆ ಬರೋಕೆ 19 ಗಂಟೆ ಮೇಲೆ. ಅಂದ್ರೆ ನಾವು ಕಾಫಿ ಕುಡೀತಾ ಕೂತಾಗ ಡಿಶ್ ಮೇಲೆ ಬೀಳ್ತಿದ್ದ ಸಿಗ್ನಲ್ ಹಿಂದಿನ ದಿನ ನಾವಿನ್ನೂ ಸಾಯಂಕಾಲದ ಟ್ರಾಫಿಕ್‌ನಲ್ಲಿ ಕ್ಯಾನ್‌ಬೆರಾ ರೂಮ್ ಹುಡುಕ್ತಿದ್ದಾಗ ಅಲ್ಲಿಂದ ಹೊರಟಿದ್ದು. ಅಲ್ಲಿರೋ ಟ್ರಾನ್ಸ್‌ಮಿಟರ್ ಪವರ್ 23 ವಾಟ್ ಆಸುಪಾಸು, ಮನೇಲಿ ಹಾಕೋ ಒಂದು ಟ್ಯೂಬ್‌ಲೈಟಷ್ಟೂ ಇಲ್ಲ. ಇಲ್ಲಿಗೆ ಬರೋ ಹೊತ್ತಿಗೆ ಎಷ್ಟು ಉಳಿಯುತ್ತೆ ಅಂತ ಮಾವ ಮಗನ ನೋಟ್‌ಬುಕ್ಕಲ್ಲಿ ಲೆಕ್ಕ ಹಾಕಿದ್ರು, ಕೈಬರಹದಲ್ಲಿ, ಕ್ಯಾಲ್ಕುಲೇಟರ್ ಬೇಡ ಅಂತ. ಒಂದು ವಾಟನ್ನ ಕೋಟಿ ಭಾಗ ಮಾಡಿ, ಅದರಲ್ಲೊಂದನ್ನ ಮತ್ತೆ ಕೋಟಿ ಭಾಗ ಮಾಡಿ, ಅದರಲ್ಲೊಂದನ್ನ ಮತ್ತೆ ಹತ್ತು ಸಾವಿರ ಭಾಗ ಮಾಡಿದ್ರೆ ಒಂದು ಭಾಗ ಸಿಗುತ್ತಲ್ಲ, ಈ 70 ಮೀಟರ್ ಬಟ್ಟಲು ಪೂರ್ತಿ ಒಟ್ಟು ಮಾಡೋದು ಅದಕ್ಕಿಂತಾನೂ ಸ್ವಲ್ಪ ಕಮ್ಮಿ.

"ಅಳಿಯಂದ್ರೆ, ಕಳ್ಸೋದು ದೊಡ್ಡದಲ್ಲ, ಇದನ್ನ ಕೇಳಿಸ್ಕೊಳ್ಳೋದಿದೆಯಲ್ಲ" ಅಂದ್ರು ಮಾವ. ಅವರ ಕಾಲದಲ್ಲಿ ಮೈಕ್ರೋವೇವ್ ಟವರಿಂದ ಟವರಿಗೆ ಒಂದು ಹಾಪ್ ಅಂದ್ರೆ 40, 50 ಕಿಲೋಮೀಟರ್, ಅದರಲ್ಲೂ ಬೆಳಗಿನ ಜಾವ ಫೇಡಿಂಗ್, ಅಂದ್ರೆ ಸಿಗ್ನಲ್ ಕ್ಷೀಣಿಸೋದು, ಶುರುವಾಯ್ತು ಅಂದ್ರೆ ಎಕ್ಸ್‌ಚೇಂಜಿಂದ ಫೋನ್ ಮೇಲೆ ಫೋನ್, ನಿದ್ದೆ ಇಲ್ಲ. ಇಲ್ಲಿನ ಒಬ್ಬ ಸಿಬ್ಬಂದೀನ ಹಿಡ್ಕೊಂಡು ನಾಯ್ಸ್ (ಸಿಗ್ನಲ್ ಜೊತೆ ಸೇರೋ ಬೇಡದ ಗಲಾಟೆ) ಹೇಗೆ ಕಮ್ಮಿ ಮಾಡ್ತೀರ ಅಂತ ತಮ್ಮ ಇಂಗ್ಲಿಷಲ್ಲಿ ಕೇಳೇ ಕೇಳಿದ್ರು, ಆತನಿಗೂ ಖುಷಿ ಆಗಿ ಕಾಲು ಗಂಟೆ ನಿಂತು ಹೇಳಿದ. ವಿಷಯ ಇಷ್ಟು, ಯಾವುದೇ ರಿಸೀವರ್ ಬಿಸಿ ಇದ್ರೆ ಅದರೊಳಗೇ ಎಲೆಕ್ಟ್ರಾನ್‌ಗಳು ಕುಣಿದು ನಾಯ್ಸ್ ಹುಟ್ಟುತ್ತೆ, ಇಷ್ಟು ಸಣ್ಣ ಸಿಗ್ನಲ್ ಅದರಲ್ಲಿ ಮುಳುಗೇ ಹೋಗುತ್ತೆ. ಅದಕ್ಕೆ ಮೊದಲ ಆಂಪ್ಲಿಫೈಯರನ್ನ ಹೀಲಿಯಂನಿಂದ ತಣ್ಣಗೆ ಮಾಡಿ, ಸೊನ್ನೆ ಕೆಳಗೆ 273 ಡಿಗ್ರಿ ಅನ್ನೋ ಕೊನೇ ಮಿತಿಗಿಂತ ಕೆಲವೇ ಡಿಗ್ರಿ ಮೇಲೆ ಇಟ್ಟಿರ್ತಾರೆ. ಆಮೇಲೆ ಡೇಟಾ ಸ್ಪೀಡು. ವಾಯೇಜರ್ ಕಳಿಸೋದು ಸೆಕೆಂಡಿಗೆ 160 ಬಿಟ್. ವಾಟ್ಸಾಪಲ್ಲಿ ಬರೋ 2 ಎಂಬಿ ಗುಡ್ ಮಾರ್ನಿಂಗ್ ಫೋಟೋ ಆ ಸ್ಪೀಡಲ್ಲಿ ಬರ್ಬೇಕು ಅಂದ್ರೆ 27 ಗಂಟೆ ಮೇಲೆ ಆಗುತ್ತೆ, ಬಂದ್ರೆ ಒಳ್ಳೇದೇ ಆಯ್ತು, ದಿನಕ್ಕೊಂದಕ್ಕಿಂತ ಕಮ್ಮಿ.

ಇದಕ್ಕಿಂತ ದೊಡ್ಡ ವಿಷಯ, ವಾಯೇಜರ್ 2ಗೆ ಆರ್ಡರ್ ಕಳ್ಸೋಕೆ ಆಗೋದು ಪ್ರಪಂಚದಲ್ಲಿ ಈ ಒಂದು ಡಿಶ್ಶಿಂದ ಮಾತ್ರ. ಯಾಕೆ ಅಂದ್ರೆ 1989ರಲ್ಲಿ ನೆಪ್ಚೂನಿನ ಚಂದ್ರ ಟ್ರೈಟಾನನ್ನ ಹತ್ರದಿಂದ ನೋಡೋಕೆ ಅಂತ ನೆಪ್ಚೂನಿನ ಉತ್ತರ ಧ್ರುವದ ಮೇಲಿಂದ ಹಾಯಿಸಿದ್ರು, ಅದರ ಗುರುತ್ವ ಎಳೆದು ನೌಕೇನ ದಕ್ಷಿಣಕ್ಕೆ ತಿರುಗಿಸಿಬಿಡ್ತು. ಅವತ್ತಿಂದ ಅದು ದಕ್ಷಿಣದ ಆಕಾಶದ ಕಡೇನೇ ಹೋಗ್ತಿದೆ, ಕ್ಯಾಲಿಫೋರ್ನಿಯಾದಿಂದಾಗ್ಲಿ ಸ್ಪೇನ್‌ನಿಂದಾಗ್ಲಿ ನೋಡಿದ್ರೆ ಕ್ಷಿತಿಜದ ಮೇಲೆ ಬರೋದೇ ಇಲ್ಲ. ಪಕ್ಕದಲ್ಲಿರೋ 34 ಮೀಟರ್ ಡಿಶ್‌ಗಳು ಬೇಕಾದ್ರೆ ಕೇಳಿಸ್ಕೋಬಹುದು, ಮಾತಾಡೋಕೆ ಬೇಕಾದ ಟ್ರಾನ್ಸ್‌ಮಿಟರ್ ಇರೋದು 43ರಲ್ಲಿ.

2020ರ ಮಾರ್ಚಲ್ಲಿ ಇದನ್ನ ರಿಪೇರಿಗೆ ನಿಲ್ಲಿಸಿದಾಗ ಸುಮಾರು ಹನ್ನೊಂದು ತಿಂಗಳು ವಾಯೇಜರ್ 2ಗೆ ಮಾಮೂಲಿ ಆರ್ಡರ್ ಕಳ್ಸೋ ದಾರಿನೇ ಇರಲಿಲ್ಲ, ಮಧ್ಯೆ ಅಕ್ಟೋಬರ್ 29ಕ್ಕೆ ಒಂದು ಟೆಸ್ಟ್ ಕಮಾಂಡ್ ಕಳಿಸಿದ್ರು, ಉತ್ತರ ಬಂದಿದ್ದು 34 ಗಂಟೆ ಮೇಲೆ. ಅದಾದ ಮೇಲೆ 2023ರ ಜುಲೈಯಲ್ಲಿ ಇನ್ನೂ ಮಜಾ ಆಯ್ತು. ಕಳಿಸಿದ ಒಂದು ಕಮಾಂಡ್ ತಪ್ಪಾಗಿ ನೌಕೆಯ ಆಂಟೆನಾ ಭೂಮಿಯಿಂದ ಬರೀ 2 ಡಿಗ್ರಿ ಆಚೆ ತಿರುಗ್ತು, ಅಷ್ಟಕ್ಕೇ ಸಂಪರ್ಕ ಪೂರ್ತಿ ಕಟ್. ಅಕ್ಟೋಬರಲ್ಲಿ ಅದು ತಾನೇ ತನ್ನ ದಿಕ್ಕು ಸರಿ ಮಾಡ್ಕೊಳ್ಳೋ ಪ್ರೋಗ್ರಾಂ ಇತ್ತು, ಅಲ್ಲಿವರೆಗೂ ಕಾಯ್ಬೇಕಿತ್ತು, ಆದ್ರೆ ಇವರು ಕಾಯದೆ ಈ ಡಿಶ್‌ನಿಂದ ಫುಲ್ ಪವರಲ್ಲಿ ಕೂಗಿದ್ರು, ತಿರುಗ್ಕೋ ಅಂತ. ಕೂಗು ಹೋಗೋಕೆ 18 ಗಂಟೆ ಮೇಲೆ, ಕೇಳಿಸ್ತೋ ಇಲ್ವೋ ಗೊತ್ತಾಗೋಕೆ ಒಟ್ಟು 37 ಗಂಟೆ. ಆಗಸ್ಟ್ 4ಕ್ಕೆ ಡೇಟಾ ವಾಪಸ್ ಬರೋಕೆ ಶುರುವಾಯ್ತು. ಆ 37 ಗಂಟೆ ಇಲ್ಲಿ ಡ್ಯೂಟೀಲಿ ಇದ್ದವರು ಊಟ ಹೇಗೆ ಮಾಡಿದ್ರೋ.

ವಾಯೇಜರಲ್ಲಿ ಚಿನ್ನದ ಲೇಪ ಇರೋ ಒಂದು ರೆಕಾರ್ಡ್ ಇದೆ, 55 ಭಾಷೇಲಿ ಶುಭಾಶಯ, ಅದರಲ್ಲಿ ಕನ್ನಡಾನೂ ಇದೆ. ಕನ್ನಡಿಗರ ಪರವಾಗಿ ಶುಭಾಶಯ ಅಂತ ಹೇಳೋ ಒಂದು ದನಿ. ಬಹಳ ಜನಕ್ಕೆ ಗೊತ್ತಿರುತ್ತೆ, ನಂಗೂ ಗೊತ್ತಿತ್ತು, ವರ್ಷಕ್ಕೊಂದು ಸಲ ಫಾರ್ವರ್ಡ್ ಬರುತ್ತೆ. ಆದ್ರೆ ಆ ದನಿ ಕೂತಿರೋ ಗಾಡಿಗೂ ಭೂಮಿಗೂ ಇರೋ ಒಂದೇ ಒಂದು ಮಾತಿನ ದಾರಿ ಎದುರಿಗೆ ಬೇಲಿ ಆಚೆ ನಿಂತಿದೆ, ಈಗ ಅದರ ಕಡೆಗೇ ತಿರುಗಿದೆ ಅಂದಾಗ ಬೇರೆ ಥರ ಆಗುತ್ತೆ. ಮಾವ ಕನ್ನಡಕ ತೆಗೆದು ಒರೆಸ್ಕೊಂಡ್ರು. ತೆಲುಗೂ ಇದೆ ಅದರಲ್ಲಿ, ತಮಿಳು ಇಲ್ಲ, ಆಫೀಸಲ್ಲಿರೋ ತಮಿಳು ಫ್ರೆಂಡ್‌ಗೆ ಇದನ್ನ ನಾನು ಹೇಳೋದೂ ಅವನು ಉರ್ಕೊಳ್ಳೋದೂ ನಮ್ಮಿಬ್ಬರ ಹಳೇ ಆಟ.

ಇನ್ನೊಂದು ನಂಟಿದೆ. 2014ರ ಸೆಪ್ಟೆಂಬರ್ 24ರ ಬೆಳಿಗ್ಗೆ ಮಂಗಳಯಾನ ಮಂಗಳದ ಕಕ್ಷೆ ಸೇರ್ತಲ್ಲ, ಊರಲ್ಲಿ ಎಲ್ಲರೂ ಟಿವಿ ಮುಂದೆ ಕೂತಿದ್ವಿ, ನೌಕೆಗಳ ಜಾಡು ಹಿಡಿಯೋ ಇಸ್ರೋದ ಪೀಣ್ಯದ ಕೇಂದ್ರ ಇಸ್ಟ್ರಾಕ್‌ನಲ್ಲಿ ಚಪ್ಪಾಳೆ. ಆ ಹೊತ್ತಲ್ಲಿ ಬೆಂಗಳೂರಿಂದ ನೋಡಿದ್ರೆ ಮಂಗಳ ಗ್ರಹ ಇನ್ನೂ ಹುಟ್ಟೇ ಇರಲಿಲ್ಲ. ಆಗ ಕೇಳಿಸ್ಕೊಂಡು ಪೀಣ್ಯಕ್ಕೆ ದಾಟಿಸಿದ್ದು ಈ ಕ್ಯಾನ್‌ಬೆರಾ ಸ್ಟೇಷನ್. ಮಾವನ ಊರು ಮಾಗಡಿ ಕಡೆ, ಬ್ಯಾಲಾಳುವಿನಲ್ಲಿರೋ ಇಸ್ರೋದ 32 ಮೀಟರ್ ಡಿಶ್ ಅವರಿಗೆ ಚೆನ್ನಾಗಿ ಪರಿಚಯ, ಚಂದ್ರಯಾನ-1 ಹಾರೋ ಐದು ದಿನ ಮುಂಚೆ, 2008ರ ಅಕ್ಟೋಬರ್ 17ಕ್ಕೆ ಉದ್ಘಾಟನೆ ಆದಾಗ ಊರೋರೆಲ್ಲ ಅದರ ಮಾತೇ ಆಡ್ತಿದ್ರಂತೆ. "ಅವತ್ತು ನಮ್ಮದು ಮಲಗಿತ್ತು, ಇದು ಎದ್ದಿತ್ತು" ಅಂದ್ರು.

ಮಿಕ್ಕಿದ್ದು ಬೇಗ ಹೇಳ್ತೀನಿ. 34, 35, 36 ಅಂತ ಮೂರು 34 ಮೀಟರ್ ಡಿಶ್‌ಗಳಿವೆ, ಇವುಗಳಲ್ಲಿ ಅಲೆ ಕನ್ನಡಿಗಳ ಮೂಲಕ ಕೊಳವೆ ಒಳಗೆ ಇಳಿದು ನೆಲದ ಕೆಳಗಿನ ರೂಮಿಗೆ ಬರುತ್ತೆ, ರಿಪೇರಿ ಮಾಡೋರು ಏಣಿ ಹತ್ತಬೇಕಿಲ್ಲ. 33 ಅಂತ ಹೊಸದೊಂದರ ಕೆಲಸ ಶುರುವಾಗಿದೆ. ಶನಿಗ್ರಹದ ಕಸ್ಸೀನಿ ನೌಕೆ 2017ರ ಸೆಪ್ಟೆಂಬರ್ 15ಕ್ಕೆ ಶನಿಯೊಳಗೆ ಬಿದ್ದು ಉರಿದು ಹೋದಾಗ ಅದರ ಕೊನೇ ಸಿಗ್ನಲ್ ಬಂದಿದ್ದೂ ಇಲ್ಲಿಗೇ. 2017ರಿಂದ ಇನ್ನೊಂದು ಪದ್ಧತಿ ಇದೆ, ಮೂರು ದೇಶದಲ್ಲಿ ಯಾರಿಗೆ ಹಗಲೋ ಅವರು ಮೂರೂ ಜಾಗದ ಡಿಶ್‌ಗಳನ್ನ ನಡೆಸ್ತಾರೆ, ರಾತ್ರಿ ಪಾಳಿ ಯಾರಿಗೂ ಇಲ್ಲ. ಇದು ಕೇಳಿ ಮಾವನಿಗೆ ಹೊಟ್ಟೆಕಿಚ್ಚಾಯ್ತು ಅನ್ಸುತ್ತೆ.

ಒಳಗೆ ಗಾಜಿನ ಪೆಟ್ಟಿಗೇಲಿ ಚಂದ್ರನ ಕಲ್ಲಿದೆ. ಸಣ್ಣದು. ನನ್ನವಳಿಗೆ ಮೆಚ್ಚಿಗೆ ಆಗಿದ್ದು ಅದೊಂದೇ. ಸಂಜೆ ಪಕ್ಕದ ಟಿಡ್‌ಬಿನ್‌ಬಿಲ್ಲಾ ರಿಸರ್ವ್‌ಗೆ ಹೋಗಿ ಅವಳ ಕಾಂಗರೂ, ಎಮು ಎಲ್ಲ ಆಯ್ತು.

ಭಾನುವಾರ

ಟಿಡ್‌ಬಿನ್‌ಬಿಲ್ಲಾದಲ್ಲಿ ಒಂದು ಮೂಲೇಲಿ 26 ಮೀಟರಿನ ಹಳೇ ಡಿಶ್ ಒಂದು ಸುಮ್ಮನೆ ನಿಂತಿದೆ, ನಂಬರ್ 46, 2009ರಲ್ಲಿ ರಿಟೈರ್ ಮಾಡಿದ್ದು. ಜನ ದೊಡ್ಡದನ್ನ ನೋಡಿ ಇದನ್ನ ನೋಡದೆ ಹೋಗ್ತಾರೆ. ನೀಲ್ ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ಕಾಲಿಟ್ಟ ಟಿವಿ ಚಿತ್ರ ಪ್ರಪಂಚಕ್ಕೆಲ್ಲ ಹೋಗಿದ್ದು ಈ ಡಿಶ್ ಮೂಲಕ. ಆದ್ರೆ ಆಗ ಅದು ಇಲ್ಲಿರಲಿಲ್ಲ, ಹನಿಸಕಲ್ ಕ್ರೀಕ್ ಅನ್ನೋ ಜಾಗದಲ್ಲಿತ್ತು, ಅಲ್ಲಿ 1981ರಲ್ಲಿ ಸ್ಟೇಷನ್ ಮುಚ್ಚಿದ ಮೇಲೆ ಬಿಚ್ಚಿ ತಂದು ಇಲ್ಲಿ ಜೋಡಿಸಿದ್ರು. ಆ ಜಾಗ ನೋಡ್ದೇ ಹೋಗೋದು ಸರಿಯಲ್ಲ ಅಂತ ನಾನು, "ಖಾಲಿ ಜಾಗ ನೋಡೋಕೆ ಪೆಟ್ರೋಲ್ ಸುಡ್ತೀರಲ್ರೀ" ಅಂತ ನನ್ನವಳು. ಹೋದ್ವಿ.

ಥಾರ್ವಾ ಅನ್ನೋ ಪುಟ್ಟ ಊರು ದಾಟಿ ನಮಾಜಿ ನ್ಯಾಷನಲ್ ಪಾರ್ಕ್ ಒಳಗೆ ಹೋದ್ರೆ ಅಪೋಲೋ ರೋಡ್ ಅಂತಾನೇ ಒಂದು ರಸ್ತೆ ಬೆಟ್ಟ ಹತ್ತುತ್ತೆ. ಮೇಲೆ ಬೆಳಗಿನ ಚಳಿ, ಮಂಜು, ಒಂದಿಬ್ರು ಟೆಂಟ್ ಹಾಕಿದ್ರು. ಕಟ್ಟಡ ಇಲ್ಲ, ಡಿಶ್ ಇಲ್ಲ. ಕಾಂಕ್ರೀಟ್ ನೆಲ ಇದೆ, ಡಿಶ್ ಕಾಲು ಊರಿದ್ದ ಬುನಾದಿ ಇದೆ, ಹಳೇ ಫೋಟೋ ಇರೋ ಬೋರ್ಡ್‌ಗಳಿವೆ. ಅಷ್ಟೇ.

1969ರ ಜುಲೈ 21, ಸೋಮವಾರ, ಇಲ್ಲಿನ ಟೈಮ್ ಮಧ್ಯಾಹ್ನ 12:56, ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ಕಾಲಿಟ್ಟ ಕ್ಷಣ. ಟಿವಿ ಸಿಗ್ನಲ್ ಮೂರು ಜಾಗದಲ್ಲಿ ಬರ್ತಿತ್ತು, ಗೋಲ್ಡ್‌ಸ್ಟೋನ್, ಹನಿಸಕಲ್ ಕ್ರೀಕ್, ಮತ್ತೆ ನ್ಯೂ ಸೌತ್ ವೇಲ್ಸಿನ ಪಾರ್ಕ್ಸ್ ಅನ್ನೋ ಊರು. ಗೋಲ್ಡ್‌ಸ್ಟೋನ್‌ನಿಂದ ಮೊದಲು ಬಂದ ಚಿತ್ರ ತಲೆಕೆಳಗಾಗಿತ್ತು, ಆಮೇಲೆ ಕಪ್ಪು ಬಿಳುಪು ಜಾಸ್ತಿಯಾಗಿ ಏನೂ ಕಾಣ್ತಿರಲಿಲ್ಲ, ನಾಸಾ ಕಂಟ್ರೋಲ್ ಸೆಂಟರ್ ಇರೋ ಹ್ಯೂಸ್ಟನ್‌ನವರು ಆರ್ಮ್‌ಸ್ಟ್ರಾಂಗ್ ಕಾಲು ಕೆಳಗಿಡೋಕೆ ಸ್ವಲ್ಪ ಮುಂಚೆ ಹನಿಸಕಲ್‌ಗೆ ಬದಲಾಯಿಸಿದ್ರು. ಚಂದ್ರನಿಂದ ಬರ್ತಿದ್ದ ವಿಡಿಯೋ ಸೆಕೆಂಡಿಗೆ ಬರೀ 10 ಫ್ರೇಮ್, 320 ಗೆರೆ, ಅದನ್ನ ಮಾಮೂಲಿ ಟಿವಿಗೆ ಒಗ್ಗೋ ಹಾಗೆ ಇಲ್ಲೇ ಕನ್ವರ್ಟ್ ಮಾಡಿ ಸಿಡ್ನಿ ಮೂಲಕ ಹ್ಯೂಸ್ಟನ್‌ಗೆ ಕಳಿಸಿದ್ರು. ಸ್ಟೇಷನ್ ಡೈರೆಕ್ಟರ್ ಟಾಮ್ ರೀಡ್. ಹೆಚ್ಚು ಕಮ್ಮಿ ಒಂಬತ್ತು ನಿಮಿಷ ಆದ್ಮೇಲೆ ಪಾರ್ಕ್ಸ್‌ನ ದೊಡ್ಡ ಡಿಶ್‌ಗೆ ಚಂದ್ರ ಸರಿಯಾಗಿ ಸಿಕ್ಕಿ, ಮಿಕ್ಕ ಎರಡು ಗಂಟೆ ಮೇಲಿನ ಪ್ರಸಾರ ಪೂರ್ತಿ ಅಲ್ಲಿಂದ.

ಆದ್ರೆ ಹೆಸರು ಹೋಗಿದ್ದು ಪಾರ್ಕ್ಸ್‌ಗೆ. 2000ದಲ್ಲಿ ಅದರ ಮೇಲೆ ಸಿನಿಮಾನೇ ಬಂತು, ಆಸ್ಟ್ರೇಲಿಯಾದಲ್ಲಿ ಯಾರನ್ನ ಕೇಳಿದ್ರೂ ಚಂದ್ರನ ಟಿವಿ ಅಂದ್ರೆ ಪಾರ್ಕ್ಸ್ ಅಂತಾರೆ. ಮೊದಲ ಹೆಜ್ಜೆ ಇಟ್ಟ ಕ್ಷಣ ಹಿಡಿದು ಕೊಟ್ಟ ಜಾಗ ಈಗ ಕ್ಯಾಂಪಿಂಗ್ ಗ್ರೌಂಡ್. ನನಗೇನೋ ಈ ಟ್ರಿಪ್ಪಲ್ಲಿ ಹೆಚ್ಚು ಇಷ್ಟ ಆಗಿದ್ದು ಇದೇ, ನಾಲ್ಕು ಜನ ಆ ಕಾಂಕ್ರೀಟ್ ಮೇಲೆ ನಿಂತು ಫ್ಲಾಸ್ಕಿನ ಕಾಫಿ ಕುಡಿದ್ವಿ, ಮಗ ಹಳೇ ಫೋಟೋ ಹಿಡ್ಕೊಂಡು ಡಿಶ್ ಎಲ್ಲಿತ್ತು, ಕಂಟ್ರೋಲ್ ರೂಮ್ ಎಲ್ಲಿತ್ತು ಅಂತ ಓಡಾಡಿ ಗುರುತಿಸ್ತಾ ಇದ್ದ. ನನ್ನವಳೂ ಬೋರ್ಡ್ ಎಲ್ಲ ಓದಿದ್ಲು, ಪೆಟ್ರೋಲ್ ಮಾತು ಮತ್ತೆ ಬರಲಿಲ್ಲ.

ಆಮೇಲೆ ಪಾರ್ಕ್ಸ್ ಕಡೆ. ಯಾಸ್, ಬೋರೋವಾ, ಕೌರಾ, ಫೋರ್ಬ್ಸ್, ಎಲ್ಲ ಚಿಕ್ಕ ಚಿಕ್ಕ ಊರು, ಒಂದೊಂದು ಊರಿಗೂ ಒಂದು ಬೇಕರಿ, ಒಂದು ಯುದ್ಧ ಸ್ಮಾರಕ. ಭಾನುವಾರ ಆದ್ದರಿಂದ ಬೇಕರೀನೂ ಕೆಲವು ಕಡೆ ಮುಚ್ಚಿತ್ತು, ಚಪಾತಿ ಚಟ್ನಿಪುಡಿ ಕಾಪಾಡ್ತು. ಕತ್ತಲಾಗೋ ಹೊತ್ತಿಗೆ ರಸ್ತೆಗೆ ಕಾಂಗರೂ ನುಗ್ಗುತ್ತವೆ, ಅದಕ್ಕೆ ಮುಂಚೆ ಊರು ಸೇರ್ಕೊಳ್ಳಿ.

ಸೋಮವಾರ

ಪಾರ್ಕ್ಸ್ ಊರಿಂದ ಉತ್ತರಕ್ಕೆ ಸುಮಾರು 20 ಕಿಲೋಮೀಟರ್ ಹೋದ್ರೆ ಬಯಲು, ಕುರಿ, ಬೇಲಿ, ನಡುವೆ ಒಂದು ಡಿಶ್. 64 ಮೀಟರ್. 1961ರ ಅಕ್ಟೋಬರ್ 31ಕ್ಕೆ ಓಪನ್ ಆಗಿದ್ದು. ಇದು ಮೂಲತಃ ನೌಕೆಗಳಿಗಲ್ಲ, ನಕ್ಷತ್ರ ಗೆಲಾಕ್ಸಿ ನೋಡೋಕೆ ಕಟ್ಟಿದ ಟೆಲಿಸ್ಕೋಪ್. ಆದ್ರೆ ಇದರ ಡಿಸೈನ್ ನೋಡಿಯೇ ನಾಸಾ ತನ್ನ 64 ಮೀಟರ್ ಡಿಶ್‌ಗಳನ್ನ ಮಾಡಿದ್ದು, ಹಾಗಾಗಿ ಟಿಡ್‌ಬಿನ್‌ಬಿಲ್ಲಾದ 43ಕ್ಕೆ ಇದು ಅಕ್ಕ ಇದ್ದ ಹಾಗೆ. ಇಲ್ಲಿನ ಮೂಲನಿವಾಸಿ ವಿರಾಜುರಿ ಜನರ ಭಾಷೇಲಿ 2020ರಲ್ಲಿ ಇದಕ್ಕೆ ಮುರಿಯಾಂಗ್ ಅಂತ ಹೆಸರಿಟ್ರು.

ಮಾವ ಇದರ ಸುತ್ತ ಒಂದು ಸಲ ಓಡಾಡಿ ಬಂದು, "ಇದನ್ನ ಬೋಲ್ಟ್ ಹಾಕಿ ಬಿಗಿದಿಲ್ವಂತೆ" ಅಂದ್ರು. ಹೌದು, 1,000 ಟನ್ ಡಿಶ್ ಮೂರಂತಸ್ತಿನ ಗೋಪುರದ ಮೇಲೆ ತನ್ನ ಭಾರಕ್ಕೇ ಕೂತಿದೆ. ಗಾಳಿ ಜೋರಾದ್ರೆ ಕೆಲಸ ನಿಲ್ಲಿಸಿ ಡಿಶ್ಶನ್ನ ಮೇಲ್ಮುಖ ಮಾಡ್ತಾರೆ. 1969ರ ಆ ಮಧ್ಯಾಹ್ನ ಚಂದ್ರ ಇನ್ನೂ ಕೆಳಗಿತ್ತು, ಈ ಡಿಶ್ 30 ಡಿಗ್ರಿಗಿಂತ ಕೆಳಗೆ ಬಗ್ಗಲ್ಲ, ಪೂರ್ತಿ ಬಗ್ಗಿಸ್ಕೊಂಡು ಚಂದ್ರ ಬರಲಿ ಅಂತ ಕಾಯ್ತಿದ್ರು, ಸರಿಯಾಗಿ ಆಗಲೇ ಗಂಟೆಗೆ 110 ಕಿಲೋಮೀಟರ್ ಗಾಳಿ ಬೀಸಿ ಗೋಪುರ ಅಲ್ಲಾಡಿತ್ತು. ಡೈರೆಕ್ಟರ್ ಜಾನ್ ಬೋಲ್ಟನ್ ಕೆಲಸ ನಿಲ್ಲಿಸಲಿಲ್ಲ. ಸಿನಿಮಾ ಮಾಡೋರಿಗೆ ಇನ್ನೇನು ಬೇಕು ಹೇಳಿ, ಹನಿಸಕಲ್‌ನಲ್ಲಿ ಎಲ್ಲ ಸರಿಯಾಗಿ ನಡೀತು, ಅದರಲ್ಲಿ ಕಥೆ ಇಲ್ಲ.

ಪಾರ್ಕ್ಸ್ ನೌಕೆಗಳಿಗೂ ಆಗಾಗ ಕೈ ಜೋಡಿಸುತ್ತೆ. 1986ರಲ್ಲಿ ಯುರೇನಸ್, 1989ರಲ್ಲಿ ನೆಪ್ಚೂನ್ ಹತ್ರ ವಾಯೇಜರ್ 2 ಹೋದಾಗ ಇದನ್ನೂ ಟಿಡ್‌ಬಿನ್‌ಬಿಲ್ಲಾವನ್ನೂ ಒಂದಕ್ಕೊಂದು ಜೋಡಿಸಿ ಸಿಗ್ನಲ್ ಕೂಡಿಸಿದ್ರು, 2018ರ ನವೆಂಬರಲ್ಲಿ ವಾಯೇಜರ್ 2 ಸೂರ್ಯನಿಂದ ಬೀಸೋ ಕಣಗಳ ಗಾಳಿಯ ಸೀಮೆ ದಾಟಿದಾಗಲೂ ಕೇಳಿಸ್ಕೊಂಡವರಲ್ಲಿ ಇದೂ ಒಂದು.

ನನಗೆ ಇಲ್ಲಿನ ಕಥೆಗಳಲ್ಲಿ ಮಜಾ ಅನ್ಸೋದು ಮೈಕ್ರೋವೇವ್ ಓವನ್‌ದು. ವರ್ಷಗಟ್ಟಲೆ ಇವರಿಗೆ ಆಗಾಗ ಒಂದು ವಿಚಿತ್ರ ಸಿಗ್ನಲ್ ಬರ್ತಿತ್ತು, ದೂರದ ಗೆಲಾಕ್ಸಿಗಳಿಂದ ಬರೋ ರೇಡಿಯೋ ಸ್ಫೋಟದ ಥರಾನೇ. ಪೆರಿಟಾನ್ ಅಂತ ಹೆಸರು ಬೇರೆ ಇಟ್ಟಿದ್ರು. 2015ರಲ್ಲಿ ಹುಡುಕಿ ಹುಡುಕಿ ನೋಡಿದ್ರೆ, ಊಟ ಬಿಸಿ ಮಾಡೋಕೆ ಇಟ್ಟೋರು ಓವನ್ ಟೈಮ್ ಮುಗಿಯೋ ಮುಂಚೆ ಬಾಗಿಲು ಎಳೆದು ತೆಗೆದಾಗ ಆಚೆ ಬರ್ತಿದ್ದ ಅಲೆ ಅದು. ನಿಜವಾದ ಸ್ಫೋಟಗಳಲ್ಲಿ ಮೊದಲನೇದನ್ನ 2007ರಲ್ಲಿ ಗುರುತಿಸಿದ್ದೂ ಇದೇ ಡಿಶ್‌ನ ಹಳೇ ಡೇಟಾದಲ್ಲೇ ಅನ್ನೋದು ಬೇರೆ ಮಾತು. ನನ್ನವಳು "ನೋಡಿ, ನೀವು ಮನೇಲಿ ಹಾಗೇ ಅಲ್ವಾ ತೆಗಿಯೋದು, ಹತ್ತು ಸೆಕೆಂಡ್ ತಡೆಯೋಕಾಗಲ್ಲ" ಅಂದ್ಲು.

ಹೊರಗಡೆ ಪಿಸುಮಾತಿನ ಡಿಶ್ ಅಂತ ಎರಡು ಬಟ್ಟಲು ದೂರ ದೂರ ಎದುರುಬದುರು ಇಟ್ಟಿದಾರೆ, ಒಂದರಲ್ಲಿ ಪಿಸುಗುಟ್ಟಿದ್ರೆ ಇನ್ನೊಂದರಲ್ಲಿ ಕೇಳುತ್ತೆ. ಮಗ ಒಂದು ಕಡೆ, ತಾತ ಇನ್ನೊಂದು ಕಡೆ, "ತಾತಾ ಐಸ್‌ಕ್ರೀಂ" ಅಂತ ಕೇಳಿಸ್ತಂತೆ.

ಕೆಫೇಲಿ ಕೂತಾಗ ಬ್ಯಾಲಾಳು ಮಾತು ಬಂತು. ಹೀಗೆ ಡಿಶ್ ಎದುರಿಗೆ ಕೂತು ಕಾಫಿ ಕುಡೀತಾ, ಮಕ್ಕಳಿಗೆ ಯಾವುದು ಯಾರ ಜೊತೆ ಮಾತಾಡ್ತಿದೆ ಅಂತ ಸ್ಕ್ರೀನಲ್ಲಿ ತೋರಿಸೋ ಜಾಗ ಅಲ್ಲೂ ಒಂದು ಇರಬೇಕು ಅಂತ ನಾನು. ಮಾವ ಒಪ್ಪಲಿಲ್ಲ, "ಜನ ಬಂದ್ರೆ ಅವರ ಹಿಂದೆ ಫೋನು, ಗಾಡಿ, ಹೋಟ್ಲು ಎಲ್ಲ ಬರುತ್ತೆ, ಅದಕ್ಕೆ ಸದ್ದಿಲ್ದಿರೋ ಜಾಗ ಬೇಕು" ಅಂತ. ಟಿಡ್‌ಬಿನ್‌ಬಿಲ್ಲಾದಲ್ಲಿ ಜನಾನೂ ಬರ್ತಾರೆ ಕೆಲಸಾನೂ ನಡೆಯುತ್ತಲ್ಲ ಅಂದ್ರೆ, "ಇಲ್ಲಿ ಫೋನ್ ಆಫ್ ಮಾಡಿ ಅಂತ ಬೋರ್ಡ್ ಹಾಕಿದ್ರೆ ಆಫ್ ಮಾಡ್ತಾರೆ" ಅಂದ್ರು. ಆರೆಂಜ್, ಬಾಥರ್ಸ್ಟ್ ದಾಟಿ ಬ್ಲೂ ಮೌಂಟನ್ಸ್ ಇಳಿಯೋವರೆಗೂ ಇದೇ ವಾದ ನಡೀತು, ಇನ್ನೂ ಮುಗಿದಿಲ್ಲ.

ಹೋಗೋರಿಗೆ ಒಂದೆರಡು ಮಾತು. ನಾವು ಬಂದ ಮುಂದಿನ ತಿಂಗಳೇ, 2025ರ ಮೇಯಲ್ಲಿ, 43ನ್ನ ಮತ್ತೆ ಅಪ್‌ಗ್ರೇಡ್‌ಗೆ ಅಂತ ನಿಲ್ಲಿಸಿದ್ರು, 2026ರ ಫೆಬ್ರವರಿವರೆಗೆ ಅಂತ ಪ್ಲಾನ್ ಇತ್ತು, ಹಾಗಾಗಿ ಅದು ಓಡ್ತಿದೆಯಾ ಅಂತ ಆ ಲೈವ್ ಸೈಟಲ್ಲಿ ನೋಡ್ಕೊಂಡು ಹೊರಡಿ. ಟಿಡ್‌ಬಿನ್‌ಬಿಲ್ಲಾಗೆ ಅರ್ಧ ದಿನ ಸಾಲಲ್ಲ. ದಾರಿ ಮ್ಯಾಪ್ ಊರಲ್ಲೇ ಡೌನ್‌ಲೋಡ್ ಮಾಡ್ಕೊಳ್ಳಿ. ಹನಿಸಕಲ್ ಕ್ರೀಕಲ್ಲಿ ಅಂಗಡಿ ಗಿಂಗಡಿ ಏನೂ ಇಲ್ಲ, ಫ್ಲಾಸ್ಕ್ ಮರೀಬೇಡಿ.